ಹನ್ನೊಂದನೆಯ ಗಡಿಯಾರ ಮತ್ತು ಕಾಣೆಯಾದ ಒಂಬತ್ತು ನಿಮಿಷ

ದಾವಣಗೆರೆಯಲ್ಲಿ ನಡೆದ ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ಪಿನ ಕೊನೆಯ ಸುತ್ತಿನಲ್ಲಿ ಹರಿಹರದ ಆಟಗಾರರೊಬ್ಬರು ‘ಸಮಯ ಮೀರಿ ಸೋತರು’ ಎಂದು ಫಲಿತಾಂಶದ ಹಾಳೆಯಲ್ಲಿ ಬರೆದಿದೆ. ಅದು ಸುಳ್ಳು. ಅವರಿಗೆ ಸಲ್ಲಬೇಕಾಗಿದ್ದ ಸಮಯವನ್ನು ಅವರಿಂದ ಕಸಿದುಕೊಳ್ಳಲಾಯಿತು. ಅದಕ್ಕೆ ದಾರಿ ಮಾಡಿದವರು ಸಂಘಟನಾ ಸಮಿತಿಯ ಕಾರ್ಯದರ್ಶಿಗಳು. ಗೊತ್ತಿದ್ದೂ ತಡೆಯದವರು ಮುಖ್ಯ ತೀರ್ಪುಗಾರರು. ಬಾಯಿಬಿಟ್ಟು ಅದನ್ನು ತೀರ್ಪಾಗಿ ಘೋಷಿಸಿದವನು ನಾನು. ಹಾಳೆಯ ಕೆಳಗಿರುವ ಮೂರು ಸಹಿಗಳಲ್ಲಿ ಕೊನೆಯದು ನನ್ನದು. ಮೊದಲಿನ ಇಬ್ಬರು ನನ್ನ ಮೂರು ಪತ್ರಗಳಿಗೆ ಉತ್ತರ ಕೊಟ್ಟಿಲ್ಲವಾದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗಣಿತದ ಮೇಷ್ಟ್ರು; ಆ ಕೂಟದಲ್ಲಿ ಸಹಾಯಕ ತೀರ್ಪುಗಾರನಾಗಿದ್ದೆ. ಚೆಸ್ ಗಡಿಯಾರವನ್ನು ಕಾಣದವರಿಗಾಗಿ ಎರಡು ಮಾತು. ಒಂದೇ ಮರದ ಪೆಟ್ಟಿಗೆಯಲ್ಲಿ ಎರಡು ಗಡಿಯಾರಗಳಿರುತ್ತವೆ, ಆಟಗಾರನಿಗೊಂದು. ನಡೆ ಮುಗಿಸಿ ಗುಂಡಿ ಒತ್ತಿದರೆ ನಮ್ಮದು ನಿಂತು ಎದುರಾಳಿಯದು ಓಡತೊಡಗುತ್ತದೆ. ಒಬ್ಬೊಬ್ಬರಿಗೆ ನಲವತ್ತು ನಡೆಗೆ ಎರಡೂವರೆ ಗಂಟೆ. ಆಟಕ್ಕೆ ಮುಂಚೆ ಎರಡೂ ಮುಖಗಳನ್ನು ಮೂರೂವರೆಗೆ ಇಡುತ್ತೇವೆ. ಆರು ಗಂಟೆ ಸಮೀಪಿಸಿದಾಗ ನಿಮಿಷದ ಮುಳ್ಳು ಒಂದು ಪುಟ್ಟ ಕೆಂಪು ಬಾವುಟವನ್ನು ಮೇಲೆತ್ತುತ್ತದೆ. ಸರಿಯಾಗಿ ಆರಕ್ಕೆ ಅದು ಬೀಳುತ್ತದೆ. ಆ ಹೊತ್ತಿಗೆ ನಲವತ್ತು ನಡೆ ಆಗಿರದಿದ್ದರೆ ಸೋಲು, ಹಲಗೆಯ ಮೇಲೆ ಗೆಲುವೇ ಕಾಣುತ್ತಿದ್ದರೂ. ಇಷ್ಟು ಕಠಿಣವಾದ ನಿಯಮವನ್ನು ಆಟಗಾರ ಒಪ್ಪುವುದು ಒಂದೇ ನಂಬಿಕೆಯ ಮೇಲೆ: ಎರಡೂ ಗಡಿಯಾರಗಳು ಒಂದೇ ವೇಗದಲ್ಲಿ ನಡೆಯುತ್ತವೆ ಎಂಬುದು.

ಗಡಿಯಾರಗಳು ಹಿಂದಿನ ಕೂಟ ನಡೆದ ಊರಿನಿಂದ ಗೋಣಿತಟ್ಟು ಸುತ್ತಿದ ಟ್ರಂಕಿನಲ್ಲಿ ಬಂದವು. ಅವನ್ನು ಪರೀಕ್ಷಿಸಲು ಹಳೇ ಪೇಟೆಯ ಗಡಿಯಾರ ರಿಪೇರಿಯ ಹಿರಿಯರೊಬ್ಬರಿಗೆ ಕೊಟ್ಟೆವು. ಪೇಟೆಗೆಲ್ಲ ಅವರು ಚಾಚಾ. ಮೂರು ದಿನ ಒಂದೊಂದಕ್ಕೂ ಕೀಲಿ ಕೊಟ್ಟು, ತಮ್ಮ ಅಂಗಡಿಯ ಗೋಡೆ ಗಡಿಯಾರದ ಜೊತೆ ಓಡಿಸಿ ನೋಡಿದ್ದರು. ತರಲು ಹೋದವನು ನಾನೇ.

“ನೋಡ್ರಿ ಮೇಷ್ಟ್ರೆ, ಕರಿ ದಾರ ಕಟ್ಟೀನಲ್ಲ ಈ ಮೂರಕ್ಕೆ, ಇವನ್ನ ಮೇಜಿನ ಮ್ಯಾಲೆ ಇಡಬ್ಯಾಡ್ರಿ. ಒಂದು ಮಗ್ಗಲು ನೆಟ್ಟಗೆ ನಡೀತದೆ, ಇನ್ನೊಂದು ಮಗ್ಗಲು ಓಡ್ತದೆ.”

“ಎಷ್ಟು ಓಡ್ತದೆ ಚಾಚಾ?”

“ತಾಸಿಗೆ ನಾಕು ನಿಮಿಷ. ಮನೆಯಾಗ ಇಟ್ರೆ ಯಾರಿಗೂ ತಿಳಿಯಲ್ಲ. ನಿಮ್ಮ ಆಟದಾಗ ಕುತ್ತಿಗಿ ಕೊಯ್ತದೆ.”

“ರಿಪೇರಿ ಮಾಡೋಕೆ ಬರಲ್ವಾ?”

“ಸಾಮಾನು ಮದ್ರಾಸಿಂದ ಬರಬೇಕು. ಅಲ್ಲಿ ತನಕ ನಿಮ್ಮ ದೊಡ್ಡ ದೊಡ್ಡ ಆಟಗಾರ್ರು ಗಲ್ಲಕ್ಕೆ ಕೈ ಕೊಟ್ಟು ಕೂಡ್ತಾರಾ? ಹೆಂಗೂ ಅದೇ ಮಾಡೋದು ಬಿಡ್ರಿ ಅವ್ರು.”

ಇಬ್ಬರೂ ನಕ್ಕೆವು. ಕಾರ್ಯದರ್ಶಿಗಳಿಗೆ ಸಂಜೆಯೇ ವಿಷಯ ಮುಟ್ಟಿಸಿದೆ. ಬಾಯಿಮಾತಿನಲ್ಲಿ. ಬರೆದು ಕೊಟ್ಟು ಸಹಿ ಪಡೆಯಬೇಕಿತ್ತು. ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿ, ಪ್ರತಿ ಹೆಜ್ಜೆಗೂ ಆಧಾರ ಕೇಳುವುದನ್ನು ಕಲಿತುಬಂದವನು ನಾನು. ಆ ಒಂದು ಹೆಜ್ಜೆಗೆ ಆಧಾರವನ್ನೇ ಉಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕೂಟ ನಡೆಯಬೇಕಿದ್ದ ಕಲ್ಯಾಣ ಮಂಟಪಕ್ಕೆ ಹೋದಾಗ ಗಡಿಯಾರಗಳು ಸಾಲಾಗಿ ಮೇಜುಗಳ ಮೇಲಿದ್ದವು. ಒಂದಕ್ಕೂ ದಾರವಿರಲಿಲ್ಲ. ಮೂಲೆಯ ಕಸದಲ್ಲಿ, ಉದುರಿದ ಹೂವಿನ ಎಸಳುಗಳ ನಡುವೆ, ಮೂರು ಕರಿ ದಾರಗಳು ಬಿದ್ದಿದ್ದವು. ಕಾರ್ಯದರ್ಶಿಗಳು ಧಾನ್ಯದ ಮಂಡಿಯ ಯಜಮಾನರು. ಶಲ್ಯ ಸರಿಪಡಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

“ಯಜಮಾನ್ರೆ, ದಾರ ಕಟ್ಟಿದ್ದವನ್ನ ಬೇರೆ ಇಡಬೇಕಿತ್ತಲ್ಲ?”

“ಏನ್ ತಮ್ಮಾ ನೀನು. ಉದ್ಘಾಟನೆಗೆ ಬರೋ ದೊಡ್ಡೋರು ನಿಂತು ಫೋಟೋ ತೆಗಿಸ್ಕೊಳ್ಳೋ ಜಾಗದಾಗ ದೃಷ್ಟಿದಾರ ಕಟ್ಟಿದಂಗೆ ಕಾಣ್ತಿತ್ತು. ನಾನೇ ಕತ್ತರಿಸ್ರಿ ಅಂದೆ. ಎಲ್ಲವೂ ಟಿಕ್ ಟಿಕ್ ಅಂತಾವಲ್ಲ, ಮತ್ತೇನಾಗಬೇಕು ನಿನಗೆ?”

“ಯಾವ ಮೂರು ಅಂತ ಈಗ ಹೆಂಗೆ ಗುರುತು ಹಿಡಿಯೋದು? ಎಲ್ಲಕ್ಕೂ ಕೀಲಿ ಕೊಟ್ಟು ಓಡಿಸಿ ನೋಡಬೇಕು. ಒಂದು ತಾಸು ಬೇಕು.”

“ಒಂದು ತಾಸು ಯಾರತ್ರ ಐತೆ? ದೊಡ್ಡೋರ ಕಾರು ಬಂಗ್ಲೆ ಬಿಟ್ಟಾಯ್ತು.”

ಕಾರು ಬಂತು, ಹಾರ ಬಿತ್ತು, ಫೋಟೋ ತೆಗೆದರು. ಆಮೇಲೆ ಸಮಿತಿಯವರು ಪ್ರತಿ ಗಡಿಯಾರದ ಬೆನ್ನಿಗೂ ಒಂದೊಂದು ಅಂಕಿಯ ಚೀಟಿ ಅಂಟಿಸಿದರು. ಗುರುತು ಬೇಕಾಗಿದ್ದಾಗ ಕಿತ್ತುಹಾಕಿ, ಕೆಟ್ಟದ್ದು ಒಳ್ಳೆಯದರಲ್ಲಿ ಕಲೆತುಹೋದ ಮೇಲೆ ಅಂಕಿ ಹಚ್ಚಿದರು.

ನನಗೆ ಉಳಿದದ್ದು ಒಂದೇ ಉಪಾಯ, ಕೂಡುವ ಲೆಕ್ಕ. ಒಂದು ಮೇಜಿನ ಎರಡು ಮುಖಗಳಲ್ಲಿ ಕಳೆದಿರುವ ನಿಮಿಷಗಳನ್ನು ಕೂಡಿದರೆ, ಆಟ ಶುರುವಾದಾಗಿನಿಂದ ನಿಜವಾಗಿ ಕಳೆದ ಹೊತ್ತು ಬರಬೇಕು. ರೇಡಿಯೋ ವಾರ್ತೆಯ ಮುಂಚಿನ ಸಮಯ ಸೂಚನೆಗೆ ಸರಿಮಾಡಿಕೊಂಡ ವಾಚು ನನ್ನ ಕೈಯಲ್ಲಿತ್ತು. ಪ್ರತಿ ಗಂಟೆಗೊಮ್ಮೆ ಮೇಜಿನಿಂದ ಮೇಜಿಗೆ ಹೋಗಿ ಕೂಡಿ, ನೋಟ್‌ಬುಕ್ಕಿನಲ್ಲಿ ಬರೆದೆ. ಗಡಿಯಾರಗಳು ದಿನವೂ ಮೇಜು ಬದಲಿಸುತ್ತಿದ್ದರಿಂದ ನಾಲ್ಕು ಸುತ್ತು ಬೇಕಾದವು. ಐದನೆಯ ದಿನ ಮೂರೂ ಸಿಕ್ಕಿದವು. ಮುಖ್ಯ ತೀರ್ಪುಗಾರರಿಗೆ ಲೆಕ್ಕ ತೋರಿಸಿದೆ. ಅವರು ಹೊರಗಿನಿಂದ ಬಂದವರು, ನಿವೃತ್ತ ಅಧಿಕಾರಿ, ಮಾತು ಮೆತ್ತಗೆ.

“ಎರಡು ಗಡಿಯಾರ ಹೆಚ್ಚಿಗೆ ಇವೆಯಲ್ಲ. ಈ ಮೂರರಲ್ಲಿ ಎರಡನ್ನು ಸದ್ದಿಲ್ಲದೆ ಬದಲಿಸಿಬಿಡಿ” ಎಂದರು.

“ಮೂರನೆಯದು ಸರ್? ಹನ್ನೊಂದನೇ ನಂಬರಿನದು?”

“ಅದನ್ನು ಕೊನೆಯ ಮೇಜಿಗಿಡಿ. ಅಲ್ಲಿ ಯಾರೂ ಪದಕಕ್ಕೆ ಆಡುತ್ತಿಲ್ಲ.”

ಇಟ್ಟೆ. ಕೊನೆಯ ಮೇಜೆಂದರೆ ದಿನದಿನವೂ ಸೋತು ಸೋತು ಕೆಳಕ್ಕಿಳಿದವರು ಕೂರುವ ಮೇಜು. ತಾಸಿಗೆ ನಾಲ್ಕು ನಿಮಿಷದ ಅನ್ಯಾಯವನ್ನು ದನಿ ಇಲ್ಲದವರ ಮುಂದೆ ಇಟ್ಟು ಸಮಸ್ಯೆ ಬಗೆಹರಿಯಿತೆಂದು ಏಳು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅಲ್ಲಿ ಬಾವುಟ ಬಿದ್ದು ಯಾರೂ ಸೋಲಲಿಲ್ಲ ನಿಜ. ಆದರೆ ಅವಸರಕ್ಕೆ ಬಿದ್ದು ಎಷ್ಟು ಜನ ತಪ್ಪು ನಡೆ ನಡೆದರೋ ನನಗೆ ತಿಳಿಯದು. ಹರಿಹರದವರಿಗೆ ಆದದ್ದು ಆ ಏಳು ದಿನಗಳಲ್ಲೇ ಸಿದ್ಧವಾಯಿತು.

ಅವರ ಬಗ್ಗೆ ಹೇಳಬೇಕು. ಗುತ್ತೂರಿನಲ್ಲಿ ಮನೆ. ಹರಿಹರದ ಕಾರ್ಖಾನೆಯೊಂದರ ಎರಕದ ವಿಭಾಗದಲ್ಲಿ, ಅಚ್ಚಿನಿಂದ ತೆಗೆದ ತುಂಡುಗಳನ್ನು ತಿರುಗುವ ಕಲ್ಲಿಗೆ ಹಿಡಿದು ಉಜ್ಜುವ ಕೆಲಸ. ಹದಿಮೂರು ವರ್ಷದ ಧೂಳು ಎದೆಯಲ್ಲಿ ಕೂತಿತ್ತು. ಡಾಕ್ಟರು ಇನ್ನು ಧೂಳಿಗೆ ಹೋಗಕೂಡದು ಎಂದಿದ್ದರು. ಕಾರ್ಖಾನೆಯಲ್ಲಿ ಆಟಗಾರರಿಗೆಂದು ಕಚೇರಿಯ ಒಂದು ಹುದ್ದೆಯಿತ್ತು, ಉಗ್ರಾಣದ ಗುಮಾಸ್ತಿಕೆ. ರಾಷ್ಟ್ರೀಯ ಕೂಟದಲ್ಲಿ ಮೊದಲ ಹನ್ನೆರಡು ಸ್ಥಾನದೊಳಗೆ ಬಂದು ಅಂತಿಮ ಹಂತಕ್ಕೆ ಆಯ್ಕೆಯಾದರೆ ಅದನ್ನು ಅವರಿಗೆ ಕೊಡುವುದಾಗಿ ಆಡಳಿತದವರು ಪತ್ರ ಕೊಟ್ಟಿದ್ದರು. ಆ ಪತ್ರವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ದಿನವೂ ಹರಿಹರದಿಂದ ಬಸ್ಸಿಗೆ ಬರುತ್ತಿದ್ದರು. ಹೊರ ರಾಜ್ಯದವರಿಗೆ ಲಾಡ್ಜಿನ ವ್ಯವಸ್ಥೆಯಿತ್ತು. ಇವರು ಹತ್ತಿರದವರೆಂದು ಇವರಿಗೆ ಏನೂ ಇರಲಿಲ್ಲ.

ಹನ್ನೆರಡನೆಯ ಸುತ್ತು ಮುಗಿದ ಸಂಜೆ ಅಂಕಪಟ್ಟಿ ಹಚ್ಚಿದಾಗ ನನ್ನ ಪಕ್ಕದಲ್ಲೇ ನಿಂತಿದ್ದರು.

“ನಾಳೆ ಡ್ರಾ ಆದ್ರೆ ಸಾಕೇನ್ರಿ ಮೇಷ್ಟ್ರೆ?”

“ಸಾಕು. ಅರ್ಧ ಅಂಕ ಬಂದರೆ ನೀವು ಹನ್ನೆರಡರೊಳಗೆ.”

“ಅರ್ಧ ಅಂಕ” ಎಂದು ಕೆಮ್ಮುತ್ತಲೇ ನಕ್ಕರು. “ನಮ್ಮ ಮನೆಯಾಕಿ ಕೇಳ್ತಾಳೆ, ಇಷ್ಟು ದಿನ ಹೋಗಿ ಬಂದು ಅರ್ಧಾನೇ ತರ್ತೀರಾ ಅಂತ.”

ಕೊನೆಯ ಸುತ್ತು ಬೆಳಿಗ್ಗೆ ಹತ್ತಕ್ಕೆ. ಒಂಬತ್ತೂಮುಕ್ಕಾಲಿಗೆ ಒಳಗೆ ಬಂದೆ. ಬಹುಮಾನ ಕೊಡಲು ಬರುವವರು ಮೊದಲ ಸಾಲಿನ ಮೇಜುಗಳನ್ನು ನೋಡಲಿದ್ದಾರೆಂದು, ಹೊಸ ಪಾಲಿಷಿನ ಗಡಿಯಾರಗಳನ್ನೆಲ್ಲ ಆರಿಸಿ ಮುಂದಕ್ಕೆ ಇಟ್ಟಿದ್ದರು. ಅವುಗಳಲ್ಲಿ ಹನ್ನೊಂದನೆಯದೂ ಒಂದು. ಅದು ನಾಲ್ಕನೆಯ ಮೇಜಿನಲ್ಲಿತ್ತು, ಓಡುವ ಮಗ್ಗಲು ಹರಿಹರದವರ ಕಡೆಗೆ. ತೆಗೆಯಲು ಕೈಯಿಟ್ಟೆ.

“ಮುಟ್ಟಬ್ಯಾಡ ತಮ್ಮಾ, ಬಂದ್ರು” ಎಂದರು ಕಾರ್ಯದರ್ಶಿಗಳು. ಬಾಗಿಲಲ್ಲಿ ಹಾರ ಹಿಡಿದವರು ದಾರಿ ಬಿಡುತ್ತಿದ್ದರು. ಕೈ ಹಿಂದಕ್ಕೆ ತೆಗೆದೆ. ಹತ್ತಕ್ಕೆ ಗಡಿಯಾರಗಳು ಓಡತೊಡಗಿದವು.

ಹನ್ನೊಂದಕ್ಕೆ ಕೂಡಿದೆ: ಎರಡು ನಿಮಿಷ ಹೆಚ್ಚು. ಹನ್ನೆರಡಕ್ಕೆ ಹರಿಹರದವರ ಮುಖದಲ್ಲಿ ಅರವತ್ತನಾಲ್ಕು, ಎದುರಾಳಿಯದರಲ್ಲಿ ಅರವತ್ತು. ಕಳೆದದ್ದು ನೂರಿಪ್ಪತ್ತು, ಗಡಿಯಾರ ಹೇಳುತ್ತಿದ್ದುದು ನೂರಿಪ್ಪತ್ತನಾಲ್ಕು. ಮುಖ್ಯ ತೀರ್ಪುಗಾರರ ಮೇಜಿಗೆ ಹೋಗಿ ಚೀಟಿ ಇಟ್ಟೆ.

“ಸರ್, ಕೆಟ್ಟ ಗಡಿಯಾರವನ್ನು ಆಟದ ನಡುವೆಯೂ ಬದಲಿಸಬಹುದು. ನಿಯಮವಿದೆ. ಕಳೆದ ಸಮಯವನ್ನು ನಾವೇ ಅಂದಾಜಿಸಿ ಹೊಸದರಲ್ಲಿ ಇಡಬಹುದು. ಕೆಳಗಿನ ಒಂದು ಮೇಜಿನಲ್ಲಿ ಆಟ ಮುಗಿದಿದೆ, ಅಲ್ಲಿನ ಗಡಿಯಾರ ಖಾಲಿ ಇದೆ.”

ಅವರು ಚೀಟಿ ಓದಿ ಮಡಚಿದರು. “ನಿಮ್ಮ ವಾಚು ಸರಿಯಿದೆಯೆಂದು ಏನು ಪ್ರಮಾಣ?”

“ಇತರ ಮೇಜುಗಳ ಲೆಕ್ಕವೆಲ್ಲ ಇದಕ್ಕೆ ಸರಿಹೊಂದುತ್ತಿದೆ.”

“ಆಟಗಾರ ದೂರು ಕೊಟ್ಟಿದ್ದಾನೆಯೇ?”

“ಇಲ್ಲ.”

“ಹಾಗಾದರೆ ಕೂತುಕೊಳ್ಳಿ.”

ಒಂದು ಗಂಟೆಗೆ ಮತ್ತೆ ಹೋದೆ. ಆಗ ಆರು ನಿಮಿಷ ಹೆಚ್ಚಾಗಿತ್ತು. ಈ ಸಲ ಅವರು ದನಿ ಇನ್ನಷ್ಟು ತಗ್ಗಿಸಿ ಇದ್ದ ವಿಷಯ ಹೇಳಿದರು. “ಈ ಗಡಿಯಾರ ಕೆಟ್ಟಿದೆಯೆಂದು ಇವತ್ತು ಒಪ್ಪಿದರೆ, ಹಿಂದಿನ ಹನ್ನೆರಡು ಸುತ್ತಿನಲ್ಲಿ ಅದರ ಮುಂದೆ ಕೂತವರು ಸುಮ್ಮನಿರುತ್ತಾರೆಯೇ? ಸಂಜೆಯೊಳಗೆ ಮೇಲಿನ ಮಂಡಳಿಗೆ ಟೆಲಿಗ್ರಾಂಗಳು ಹೋಗುತ್ತವೆ. ಇಡೀ ಚಾಂಪಿಯನ್‌ಶಿಪ್ ರದ್ದಾಗುತ್ತದೆ. ನೀವು ಚಿಕ್ಕವರು. ಒಂದು ಮೇಜಿಗಾಗಿ ಕೂಟ ಕೆಡಿಸಬೇಡಿ.”

ಮರಳಿ ನಾಲ್ಕನೆಯ ಮೇಜಿನ ಬಳಿ ನಿಂತೆ. ಎರಡೂ ಕಡೆ ಒಂದೊಂದು ಆನೆ ಉಳಿದಿತ್ತು; ಹರಿಹರದವರಿಗೆ ಒಂದು ಕಾಲಾಳು ಹೆಚ್ಚು, ಅವರ ರಾಜ ಮುಂದೆ ಬಂದು ನಿಂತಿದ್ದ. ಗೆಲುವಿಗೆ ದುಡಿಯಬೇಕಿತ್ತು. ಸೋಲಿಗೆ ದಾರಿಯೇ ಇರಲಿಲ್ಲ. ಎರಡಕ್ಕೆ ಹತ್ತು ನಿಮಿಷವಿರುವಾಗ ಅವರು ತಲೆಯೆತ್ತಿದರು.

“ಮೇಷ್ಟ್ರೆ, ಈ ಗಡಿಯಾರದ ಸದ್ದು ಸರಿಯಿಲ್ರಿ. ನನ್ನ ಮಗ್ಗಲಿನದು ಬೇರೆ ಹೊಡೀತೈತೆ, ಅವರದು ಬೇರೆ.” ಹದಿಮೂರು ವರ್ಷ ಯಂತ್ರಗಳ ನಡುವೆ ಇದ್ದ ಕಿವಿ, ನಾನು ಐದು ದಿನ ಕೂಡಿ ಕಳೆದು ಕಂಡುಹಿಡಿದದ್ದನ್ನು ಕೂತಲ್ಲೇ ಹಿಡಿದಿತ್ತು.

ನನ್ನ ಬಾಯಿಂದ ಬಂದ ಮಾತು ಇದು: “ಬರೆದು ಕೊಡಿ.”

ಅವರು ನನ್ನನ್ನು ನೋಡಿದರು. ಅವರ ಗಡಿಯಾರ ಓಡುತ್ತಿತ್ತು. “ಬರೀತಾ ಕೂತ್ರೆ ಆ ಟೈಮು ಯಾರು ಕೊಡ್ತಾರ್ರಿ?” ಎಂದು ಹಲಗೆಯ ಕಡೆ ಬಾಗಿದರು.

ಗಡಿಯಾರವನ್ನು ನಿಲ್ಲಿಸುವ ಅಧಿಕಾರ ತೀರ್ಪುಗಾರನಿಗಿದೆ, ಸಹಾಯಕನಿಗೂ. ಎರಡು ಗುಂಡಿಗಳನ್ನೂ ನಡುಮಟ್ಟಕ್ಕೆ ತಂದರೆ ಎರಡೂ ನಿಲ್ಲುತ್ತವೆ. ಎರಡು ಬೆರಳಿನ ಕೆಲಸ. ಇಪ್ಪತ್ತು ನಿಮಿಷ ಆ ಮೇಜಿನ ಪಕ್ಕ ನಿಂತು ನಾನು ಅದನ್ನೇ ಯೋಚಿಸಿದೆ. ಮುಖ್ಯ ತೀರ್ಪುಗಾರರ ಶಿಫಾರಸಿಲ್ಲದೆ ನಾನು ತೀರ್ಪುಗಾರಿಕೆಯ ಮೇಲಿನ ದರ್ಜೆಯ ಪರೀಕ್ಷೆಗೆ ಕೂರುವಂತಿಲ್ಲ ಎಂಬುದನ್ನೂ ಯೋಚಿಸಿದೆ. ಬಾವುಟ ಮೆಲ್ಲಗೆ ಏಳತೊಡಗಿತು. ಮೂವತ್ತಾರು. ಮೂವತ್ತೇಳು. ಮೂವತ್ತೆಂಟನೆಯ ನಡೆ ನಡೆದು ಅವರು ಗುಂಡಿ ಒತ್ತಿದರು. ಎದುರಾಳಿ ತಕ್ಷಣ ಉತ್ತರ ಕೊಟ್ಟರು. ಹರಿಹರದವರು ಆನೆಯನ್ನು ಹಿಡಿದು ಎತ್ತಿದರು. ಅದು ಇನ್ನೂ ಗಾಳಿಯಲ್ಲಿರುವಾಗ ಬಾವುಟ ಬಿತ್ತು.

“ಬಾವುಟ ಬಿದ್ದಿದೆ” ಎಂದೆ. ಹೇಳಬೇಕಾದವನು ನಾನೇ ಆಗಿದ್ದೆ.

ನನ್ನ ವಾಚಿನಲ್ಲಿ ಎರಡು ಗಂಟೆ ಹತ್ತು ನಿಮಿಷ. ಆಟ ಶುರುವಾಗಿ ಇನ್ನೂರೈವತ್ತು ನಿಮಿಷ ಕಳೆದು ಕೆಲವು ಸೆಕೆಂಡು. ಗಡಿಯಾರದ ಎರಡು ಮುಖಗಳನ್ನು ಕೂಡಿದರೆ ಇನ್ನೂರರವತ್ತು. ನಡುವಿನ ಒಂಬತ್ತು ನಿಮಿಷ ಚಿಲ್ಲರೆ ಅವರದು. ಎರಡು ನಡೆಗೆ ಅದು ಧಾರಾಳ. ಅವರು ಆನೆಯನ್ನು ಎತ್ತಿದ ಮನೆಗೇ ಮರಳಿ ಇಟ್ಟರು. ಎದುರಾಳಿ ಕೈ ಕುಲುಕಿ, ಕಣ್ಣು ತಪ್ಪಿಸಿ ಎದ್ದುಹೋದರು.

ಮೇಲ್ಮನವಿಗೆ ಒಂದು ತಾಸಿನ ಅವಕಾಶವಿತ್ತು. ಅದನ್ನು ಬರೆಯಲು ಅವರಿಗೆ ನೆರವಾದೆ. ನನ್ನ ನೋಟ್‌ಬುಕ್ಕನ್ನೂ ಜೊತೆಗಿಟ್ಟೆ. ಮೇಲ್ಮನವಿ ಕೇಳಲು ಕೂತ ಮೂವರಲ್ಲಿ ಕಾರ್ಯದರ್ಶಿಗಳೂ ಮುಖ್ಯ ತೀರ್ಪುಗಾರರೂ ಇದ್ದರು. ಯಾರ ಮೇಲೆ ದೂರೋ ಅವರೇ ಅದನ್ನು ಕೇಳಿದರು. ಬಾಗಿಲ ಹೊರಗೆ ನಿಲ್ಲಿಸಿದ್ದ ನಮಗೆ ಕಾಲು ಗಂಟೆಯಲ್ಲಿ ಕಾರ್ಬನ್ ಪ್ರತಿಯೊಂದು ಸಿಕ್ಕಿತು: ‘ಆಟದ ಅವಧಿಯಲ್ಲಿ ಲಿಖಿತ ದೂರು ಸಲ್ಲಿಸಿಲ್ಲವಾದ್ದರಿಂದ ಮನವಿ ತಿರಸ್ಕೃತ.’ ಹರಿಹರದವರು ಅದನ್ನು ಎರಡು ಸಲ ಓದಿ ಮಡಚಿದರು. ಪತ್ರವಿದ್ದ ಜೇಬಿನಲ್ಲೇ ಅದನ್ನೂ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ನೋಟ್‌ಬುಕ್ಕನ್ನು ‘ಕಡತಕ್ಕೆ’ ಎಂದು ಇಟ್ಟುಕೊಂಡರು. ಫಲಿತಾಂಶದ ಹಾಳೆ ನನ್ನ ಮುಂದೆ ಬಂತು. ಸಹಿ ಮಾಡಿದೆ.

ಹದಿನೈದು ದಿನ ಕಳೆದು ಚಾಚಾ ಅಂಗಡಿಗೆ ಹೋದೆ. ಅವರಿಗೆ ಎಲ್ಲವೂ ಗೊತ್ತಾಗಿತ್ತು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆಯದೆಯೇ ಕೇಳಿದರು: “ದಾರ ಕತ್ತರಿಸಿದ್ರೆ ರೋಗ ಹೋಗ್ತದಾ ಮೇಷ್ಟ್ರೆ? ಯಜಮಾನ್ರಿಗೆ ಹೇಳಿದ್ರೂ ತಿಳೀಲಿಲ್ಲ, ಬಿಡ್ರಿ. ನಿಮಗೆ ಗೊತ್ತಿತ್ತಲ್ಲ?” ಮತ್ತೆ ಕೈಯಲ್ಲಿದ್ದ ಗಡಿಯಾರಕ್ಕೆ ಬಾಗಿದರು.

ಕಳೆದ ತಿಂಗಳು ಗುತ್ತೂರಿಗೂ ಹೋದೆ. ಹರಿಹರದವರು ಧೂಳಿನ ಕೆಲಸಕ್ಕೇ ಮರಳಿದ್ದಾರೆ. ಉಗ್ರಾಣದ ಹುದ್ದೆ ಬೇರೆ ಯಾವುದೋ ಆಟದವರಿಗೆ ಹೋಗಿದೆ. ಗೋಡೆಗೊರಗಿ ಕೂತಿದ್ದರು, ನಾಲ್ಕು ಮಾತಿಗೊಮ್ಮೆ ಕೆಮ್ಮು. ಅವರ ಹೆಂಡತಿ ನೀರು ತಂದಿಟ್ಟು ಕೇಳಿದರು:

“ಗಡಿಯಾರ ಕೆಟ್ಟಿದ್ರೆ ಇವ್ರು ಹೆಂಗೆ ಸೋತಂಗಾಯ್ತು ಅಣ್ಣಾರೆ? ನನಗೆ ಆಟ ತಿಳಿಯಲ್ಲ, ಅದಕ್ಕ ಕೇಳ್ತೀನಿ.”

ಆಟ ತಿಳಿದವನಾದ ನಾನು ನೀರಿನ ಲೋಟ ಎತ್ತಿಕೊಂಡೆ. ಹರಿಹರದವರೇ ನನ್ನನ್ನು ಮುಜುಗರದಿಂದ ಬಿಡಿಸುವಂತೆ, “ಸುಮ್ನಿರೇ, ಮೇಷ್ಟ್ರು ಏನು ಮಾಡ್ತಾರೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬಾವುಟ ಬಿತ್ತು ಅಂದ್ರಲ್ಲ, ಆಗ ನಿಮ್ಮ ದನಿ ಯಾಕ ಅಷ್ಟು ಸಣ್ಣಗಿತ್ತು?” ಎಂದರು.

ಗುತ್ತೂರಿನಿಂದ ಬಂದವನೇ ಈ ಬರಹಕ್ಕೆ ಕೂತೆ.

ಆದ್ದರಿಂದ ಸಂಘಟನಾ ಸಮಿತಿಯನ್ನೂ ಅದರ ಮೇಲಿನ ಆಡಳಿತ ಮಂಡಳಿಯನ್ನೂ ಈ ಮೂಲಕ ವಿಧಿವತ್ತಾಗಿ ಕೋರುತ್ತೇನೆ. ನನ್ನ ನೋಟ್‌ಬುಕ್ಕನ್ನು ಕಡತದಿಂದ ಹೊರತೆಗೆದು ಆಟಗಾರರೆಲ್ಲರ ಮುಂದೆ ಇಡಬೇಕು. ದೂರಿಗೆ ಒಳಗಾದವರಲ್ಲಿ ಒಬ್ಬರೂ ಇರದ ಮಂಡಳಿಯೊಂದು ಮೇಲ್ಮನವಿಯನ್ನು ಮತ್ತೆ ಕೇಳಬೇಕು. ನಾಲ್ಕನೆಯ ಮೇಜಿನ ಫಲಿತಾಂಶ ನಿಲ್ಲದೆಂದು ಕಂಡರೆ, ಹಾಗೆಂದು ಹರಿಹರದ ಆ ಕಾರ್ಖಾನೆಯ ಆಡಳಿತಕ್ಕೆ ಲಿಖಿತವಾಗಿ ತಿಳಿಸಬೇಕು. ಆ ಮನುಷ್ಯನ ಎದೆಗೆ ಮುಂದಿನ ವರ್ಷದ ಕೂಟದವರೆಗೆ ಕಾಯುವ ಶಕ್ತಿಯಿದೆಯೆಂದು ಯಾವ ಡಾಕ್ಟರೂ ಹೇಳಿಲ್ಲ. ಸಹಿ ಮಾಡಿದ ಮೂವರ ಮೇಲೂ ಕ್ರಮವಾಗಬೇಕು, ಅದು ನನ್ನಿಂದಲೇ ಆರಂಭವಾಗಲಿ. ತೀರ್ಪುಗಾರರ ಪಟ್ಟಿಯಿಂದ ನನ್ನ ಹೆಸರನ್ನು ತೆಗೆಯಬೇಕೆಂಬ ಪತ್ರವನ್ನು ಇದರ ಜೊತೆಗೇ ಕಳುಹಿಸಿದ್ದೇನೆ.

ನನ್ನ ಮಾತು ಸುಳ್ಳೆಂದು ಕಂಡರೆ ಸಾಬೀತುಪಡಿಸುವುದು ಕಷ್ಟವಲ್ಲ. ಗಡಿಯಾರಗಳ ಟ್ರಂಕು ಇನ್ನೂ ದಾವಣಗೆರೆಯಲ್ಲೇ ಇದೆ. ಅದೇ ಕಲ್ಯಾಣ ಮಂಟಪಕ್ಕೆ ಹನ್ನೊಂದನೆಯದನ್ನು ತನ್ನಿ. ಚಾಚಾ ಕೀಲಿ ಕೊಡಲಿ. ಹರಿಹರದವರು ಒಂದು ಕಡೆ ಕೂರಲಿ, ಕಾರ್ಯದರ್ಶಿಗಳು ಇನ್ನೊಂದು ಕಡೆ. ಓಡುವ ಮಗ್ಗಲನ್ನು ಚಾಲೂ ಮಾಡಿ, ಪಕ್ಕದಲ್ಲಿ ನಿಮಗೆ ನಂಬಿಕೆಯಿರುವ ಯಾವುದಾದರೂ ವಾಚನ್ನು ಇಡಿ. ಅಂದು ಬೆಳಿಗ್ಗೆ ನಾನು ಕೇಳಿದಷ್ಟೇ ಈಗಲೂ ಕೇಳುತ್ತಿದ್ದೇನೆ. ಒಂದು ತಾಸು.